ಕಹಳೆಗಳ ಹಿಂದಿನ ನಿಶ್ಶಬ್ದ

ರಾತ್ರಿ ಹತ್ತು ಗಂಟೆ ಮೀರಿ, ಬೀದಿಯ ವಾಹನಗಳ ಸದ್ದಡಗಿ, ನೆರೆಮನೆಯ ನೀರಿನ ಮೋಟಾರೂ ನಿಂತು, ಮನೆಮಂದಿಯೆಲ್ಲ ಮಲಗಿದ ಬಳಿಕ, ಯಾವ ಸಂಗೀತವನ್ನೂ ಹಾಕದೆ ಆಂಪ್ಲಿಫೈಯರುಗಳನ್ನು ಮಾತ್ರ ಚಾಲೂ ಮಾಡಿ, ಕೊಠಡಿಯ ಎರಡು ಮೂಲೆಗಳಲ್ಲಿ ನಿಂತಿರುವ ಕಹಳೆಗಳ ಬಾಯಿಗೆ ಒಂದೊಂದಾಗಿ ಕಿವಿಗೊಟ್ಟು ಆಲಿಸುವುದು ನನಗೆ ಬಹುಕಾಲದಿಂದ ರೂಢಿಯಾಗಿರುವ ಒಂದು ಪರೀಕ್ಷೆ. ಹೊಸದಾಗಿ ಕಟ್ಟಿದ ಆಂಪ್ಲಿಫೈಯರ್ ಎಷ್ಟು ವಾಟ್ ಕೊಡುತ್ತದೆ, ಯಾವ ವಾಲ್ವು ಅಥವಾ ಯಾವ ಟ್ರಾನ್ಸಿಸ್ಟರ್ ಅದರೊಳಗಿದೆ, ಅದರ ಕವಚ ಎಷ್ಟು ಅಂದವಾಗಿದೆ ಎಂಬುದೆಲ್ಲ ಆಮೇಲಿನ ಮಾತು. ಏನನ್ನೂ ನುಡಿಸದಿರುವಾಗ ಅದು ಏನನ್ನೂ ನುಡಿಯದೆ ಇರಬಲ್ಲುದೆ ಎಂಬುದೇ ಮೊದಲನೆಯ ಪ್ರಶ್ನೆ. ಸಾಮಾನ್ಯ ಪೆಟ್ಟಿಗೆ ಸ್ಪೀಕರಿನ ಮುಂದೆ ಈ ಪ್ರಶ್ನೆಯನ್ನು ಯಾರೂ ಕೇಳಬೇಕಾಗಿಲ್ಲ. ಕಹಳೆಯ ಮುಂದೆ ಕೇಳದೆ ಗತ್ಯಂತರವಿಲ್ಲ.

ಕಹಳೆಯ ಸ್ಪೀಕರ್ ಎಂದೊಡನೆ ನಮ್ಮಲ್ಲಿ ಬಹುಮಂದಿಗೆ ಜಾತ್ರೆಯ ಮೈಕ್ ಸೆಟ್ಟಿನವನು ತೆಂಗಿನ ಮರಕ್ಕೆ ಕಟ್ಟಿದ ಅಲ್ಯೂಮಿನಿಯಂ ಹಾರ್ನ್ ನೆನಪಿಗೆ ಬರುವುದು ಸಹಜವೇ. ಆದರೆ ಕರ್ಕಶತೆ ಅದರ ಹುಟ್ಟುಗುಣವಲ್ಲ; ಮಾತನ್ನು ಮೈಲಿಯಾಚೆಗೆ ಮುಟ್ಟಿಸುವುದಕ್ಕಾಗಿ ಅದನ್ನು ಚಿಕ್ಕದಾಗಿ ಮಡಿಸಿ, ಅದರ ಶಕ್ತಿಗೆ ಮೀರಿ ದುಡಿಸಿದುದರ ಫಲ ಅದು. ಗದ್ದೆಯ ಆಚೆ ಬದುವಿನಲ್ಲಿರುವವನನ್ನು ಕೂಗುವಾಗ ನಾವು ಎರಡು ಅಂಗೈಗಳನ್ನೂ ಬಾಯಿಯ ಸುತ್ತ ಬೊಗಸೆಯಂತೆ ಹಿಡಿಯುತ್ತೇವಷ್ಟೆ. ಕಹಳೆ ಮಾಡುವ ಕೆಲಸವೂ ಅದೇ. ಬಯಲಿನಲ್ಲಿ ಕಂಪಿಸುವ ತೆಳುಪಟಲದ ಮುಂದಿನ ಗಾಳಿ ಅದರ ಒತ್ತಡಕ್ಕೆ ಸಿಕ್ಕದೆ ಪಕ್ಕಕ್ಕೆ ಜಾರಿಹೋಗುವುದರಿಂದ, ಪಟಲಕ್ಕೆ ಕೊಟ್ಟ ವಿದ್ಯುತ್ತಿನ ಬಹುಭಾಗ ಕಾಯಿಲಿನ ಬಿಸಿಯಾಗಿ ವ್ಯರ್ಥವಾಗುತ್ತದೆ. ಅದೇ ಪಟಲವನ್ನು ಕಿರಿದಾದ ಕಂಠದ ಹಿಂದೆ ನಿಲ್ಲಿಸಿ, ಆ ಕಂಠವನ್ನು ಗಣಿತದ ನಿಯಮಕ್ಕನುಸಾರವಾಗಿ ಮೆಲ್ಲಮೆಲ್ಲನೆ ಹಿಗ್ಗಿಸುತ್ತ ವಿಶಾಲವಾದ ಬಾಯಿಯವರೆಗೆ ತಂದರೆ, ಗಾಳಿ ಹಿಡಿತಕ್ಕೆ ಸಿಕ್ಕಿ, ಕೊಟ್ಟ ಶಕ್ತಿಯಲ್ಲಿ ನೂರಕ್ಕೆ ಇಪ್ಪತ್ತು ಮೂವತ್ತು ಪಾಲಿನವರೆಗೂ ನಾದವಾಗಿ ಹೊರಬರುತ್ತದೆ. ಒಳ್ಳೆಯ ಪೆಟ್ಟಿಗೆ ಸ್ಪೀಕರುಗಳಲ್ಲಿಯೂ ಈ ಪಾಲು ನೂರಕ್ಕೆ ಒಂದನ್ನು ಮುಟ್ಟುವುದು ವಿರಳ.

ಇದನ್ನು ಅಂಕಿಗಳಲ್ಲಿ ಹೇಳಿದರೆ ಆಂಪ್ಲಿಫೈಯರಿನ ಆಯ್ಕೆಯ ಅರ್ಧ ಸಮಸ್ಯೆ ತಾನಾಗಿ ಬಿಚ್ಚಿಕೊಳ್ಳುತ್ತದೆ. ಒಂದು ವಾಟ್ ಕೊಟ್ಟಾಗ ಒಂದು ಮೀಟರ್ ದೂರದಲ್ಲಿ 87 ಡೆಸಿಬಲ್ ನಾದ ಕೊಡುವ ಪೆಟ್ಟಿಗೆಯ ಪಕ್ಕದಲ್ಲಿ, ಅದೇ ಒಂದು ವಾಟಿಗೆ 107 ಡೆಸಿಬಲ್ ಕೊಡುವ ಕಹಳೆಯನ್ನು ಇಡೋಣ. ನಡುವಿನ ಅಂತರ 20 ಡೆಸಿಬಲ್. ಶಕ್ತಿಯ ಲೆಕ್ಕದಲ್ಲಿ ನೂರು ಪಟ್ಟು. ಮೂರು ಮೀಟರ್ ದೂರದಲ್ಲಿ ಕುಳಿತು ಸರಾಸರಿ 80 ಡೆಸಿಬಲ್ ಮಟ್ಟದಲ್ಲಿ ಕಚೇರಿಯೊಂದನ್ನು ಆಲಿಸಬೇಕಾದರೆ, ಗೋಡೆಗಳಿಂದ ಹಿಂತಿರುಗುವ ನಾದವನ್ನು ಲೆಕ್ಕಕ್ಕೆ ಹಿಡಿಯದೆಯೂ, ಕಹಳೆಗೆ ಬೇಕಾಗುವುದು 18 ಮಿಲಿವಾಟ್ ಮಾತ್ರ. ಮೃದಂಗದ ಒಂದು ಬಲವಾದ ಪೆಟ್ಟಿಗೆ ನಾದ ಇನ್ನೂ 20 ಡೆಸಿಬಲ್ ಮೇಲೇರಿದಾಗಲೂ ಎರಡು ವಾಟ್ ತುಂಬುವುದಿಲ್ಲ. ಅಷ್ಟೇ ನಾದಕ್ಕೆ ಪೆಟ್ಟಿಗೆ ಸ್ಪೀಕರ್ 180 ವಾಟ್ ಕೇಳುತ್ತದೆ. ಕಹಳೆಯ ಒಡೆಯ ಅಂಗಡಿಗೆ ಹೋಗಿ ನೂರು ವಾಟಿನ ಆಂಪ್ಲಿಫೈಯರ್ ತಂದರೆ ಅದರಲ್ಲಿ ತೊಂಬತ್ತೆಂಟು ವಾಟ್ ಎಂದೆಂದಿಗೂ ನಿದ್ರಿಸುತ್ತಿರುತ್ತವೆ. ಆದರೆ ಅದರ ದೋಷಗಳು ನಿದ್ರಿಸುವುದಿಲ್ಲ. ಒಂದು ಆಂಪ್ಲಿಫೈಯರಿನ ತುದಿಯಲ್ಲಿ ಒಂದು ಮಿಲಿವೋಲ್ಟಿನಷ್ಟು ಗದ್ದಲ ಉಳಿದಿದೆಯೆನ್ನಿ: ಎಂಟು ಓಮಿನ ಆ ಪೆಟ್ಟಿಗೆಯಲ್ಲಿ ಅದು 18 ಡೆಸಿಬಲ್ ಆಗಿ ಯಾರ ಕಿವಿಗೂ ಬೀಳದೆ ಹೋಗುತ್ತದೆ, ಕಹಳೆಯಲ್ಲಿ ಅದೇ ಗದ್ದಲ 38 ಡೆಸಿಬಲ್ ಆಗಿ, ಮಧ್ಯರಾತ್ರಿಯ ಕೊಠಡಿಯಲ್ಲಿ ಮಳೆಗಾಲದ ಜೀರುಂಡೆಯಂತೆ ಎಡೆಬಿಡದೆ ಕುಳಿತಿರುತ್ತದೆ. ಕಹಳೆ ಸಂಗೀತವನ್ನು ನೂರು ಪಟ್ಟು ಹಿರಿದು ಮಾಡುವಾಗ ಅದರ ಹಿಂದಿನ ಕೊಳೆಯನ್ನೂ ನೂರು ಪಟ್ಟು ಹಿರಿದು ಮಾಡುತ್ತದೆ.

ಈ ಸತ್ಯ ಹೊಸದೇನೂ ಅಲ್ಲ. ಬೆಲ್ ಪ್ರಯೋಗಾಲಯದ ವೆಂಟೆ ಮತ್ತು ಥುರಸ್ ಎಂಬ ಇಬ್ಬರು 1926ರಲ್ಲಿ ರೂಪಿಸಿದ, ವೆಸ್ಟರ್ನ್ ಎಲೆಕ್ಟ್ರಿಕ್ ಸಂಸ್ಥೆ 555 ಎಂಬ ಸಂಖ್ಯೆಯಿಂದ ಹೊರತಂದ ಕಂಪ್ರೆಷನ್ ಡ್ರೈವರ್, ಎಂದರೆ ಪಟಲವನ್ನು ಕಂಪಿಸುವಂತೆ ಮಾಡುವ ಘಟಕ, ಆಳೆತ್ತರದ ಸುರುಳಿ ಕಹಳೆಗಳ ಕಂಠದಲ್ಲಿ ಕುಳಿತು ಅಮೆರಿಕದ ದೊಡ್ಡ ದೊಡ್ಡ ಚಿತ್ರಮಂದಿರಗಳನ್ನು ಮಾತಿನಿಂದ ತುಂಬಿದ ಕಾಲದಲ್ಲಿ ಅದರ ಹಿಂದೆ ಇದ್ದ ಆಂಪ್ಲಿಫೈಯರುಗಳ ಬಲ ಇಂದಿನ ಲೆಕ್ಕಕ್ಕೆ ಅತ್ಯಲ್ಪವಾದುದು. ಅದೇ ಸಂಸ್ಥೆ 1930ರ ದಶಕದಲ್ಲಿ ಸಣ್ಣ ಚಿತ್ರಮಂದಿರಗಳಿಗೆಂದು ಕಟ್ಟಿದ ಪ್ರಸಿದ್ಧವಾದ ಆಂಪ್ಲಿಫೈಯರಿನಲ್ಲಿ 300ಎ ಎಂಬ ಒಂದೇ ಒಂದು ಟ್ರಯೋಡ್ ವಾಲ್ವು ಸುಮಾರು ಎಂಟು ವಾಟ್ ಕೊಡುತ್ತಿತ್ತು. ಆ ಎಂಟು ವಾಟೇ ಒಂದು ಸಭಾಂಗಣಕ್ಕೆ ಸಾಕಾಗಿತ್ತು. ನಮ್ಮ ‘ಸತಿ ಸುಲೋಚನ’ 1934ರಲ್ಲಿ ಕನ್ನಡದ ಮೊದಲ ವಾಕ್ಚಿತ್ರವಾಗಿ ತೆರೆಗೆ ಬಂದ ದಿನಗಳು ಅವೇ. ಜಗತ್ತಿನ ಚಿತ್ರಮಂದಿರಗಳಲ್ಲಿ ತೆರೆಯ ಹಿಂದೆ ನಿಂತು ನುಡಿಯುತ್ತಿದ್ದ ಬಾಯಿಗಳು ಆಗ ಬಹುಮಟ್ಟಿಗೆ ಕಹಳೆಗಳೇ ಆಗಿದ್ದುವು.

ಒಂದೇ ಕಹಳೆ ಎಲ್ಲ ಸ್ಥಾಯಿಗಳನ್ನೂ ನುಡಿಯಲಾರದೆಂಬ ಅರಿವೂ ಆ ದಶಕದ್ದೇ. 1933ರ ಏಪ್ರಿಲ್ 27ರಂದು ಫಿಲಡೆಲ್ಫಿಯಾದಲ್ಲಿ ನುಡಿಸಿದ ವಾದ್ಯವೃಂದವನ್ನು ತಂತಿಯ ಮೂಲಕ ವಾಷಿಂಗ್ಟನ್ನಿನ ಸಭಾಂಗಣಕ್ಕೆ ಸಾಗಿಸಿ, ವೃಂದದ ನಿರ್ದೇಶಕ ಸ್ಟೊಕೊವ್‌ಸ್ಕಿಯೇ ಅಲ್ಲಿ ನಿಯಂತ್ರಣದ ಮುಂದೆ ಕುಳಿತು ಕೇಳಿಸಿದಾಗ, ಮಂದ್ರಕ್ಕೆ ಒಂದು ಮಡಿಕೆಯ ಕಹಳೆಯೂ ತಾರಕ್ಕೆ ಹಲವು ಕೋಶಗಳುಳ್ಳ ಬೇರೆ ಕಹಳೆಗಳೂ ಕೆಲಸವನ್ನು ಹಂಚಿಕೊಂಡಿದ್ದುವು. ಇದಕ್ಕೆ ಕಾರಣ ಸರಳವಾದುದು. 50 ಹರ್ಟ್ಜಿನ ಮಂದ್ರನಾದದ ಅಲೆ ಏಳು ಮೀಟರಿಗೆ ಸ್ವಲ್ಪವೇ ಕಡಮೆ ಉದ್ದದ್ದು; ಬಯಲಿನಲ್ಲಿ ಅದನ್ನು ಸರಿಯಾಗಿ ಬಿಡುಗಡೆ ಮಾಡಬೇಕಾದರೆ ಕಹಳೆಯ ಬಾಯಿ ಎರಡು ಮೀಟರಿಗೂ ಮಿಗಿಲಾದ ಅಗಲವಿರಬೇಕು. ಪಾಲ್ ಕ್ಲಿಪ್ಷ್ ಎಂಬ ಅಮೆರಿಕದ ಎಂಜಿನಿಯರ್ 1940ರ ದಶಕದಲ್ಲಿ ಕೊಠಡಿಯ ಮೂಲೆಯ ಗೋಡೆಗಳನ್ನೇ ಕಹಳೆಯ ಬಾಯಾಗಿ ಮಾಡಿಕೊಂಡು ಈ ಗಾತ್ರವನ್ನು ಮನೆಯೊಳಕ್ಕೆ ತಂದುದು ನನ್ನ ಕಣ್ಣಿಗೆ ಇಂದಿಗೂ ಒಂದು ವಿಸ್ಮಯ. ಆ ಬೃಹದ್ಗಾತ್ರದ ಕಹಳೆ ಜಾಲರಿಯ ಝಣತ್ಕಾರವನ್ನು ನುಡಿಯಲಾರದು. ಝಣತ್ಕಾರವನ್ನು ನುಡಿಯುವ ಅಂಗೈಯಗಲದ ಕಹಳೆ ಮೃದಂಗದ ಎಡದ ಗುಂಕಿಯನ್ನು ಅರಿಯದು. ಆದುದರಿಂದ ಎರಡು, ಮೂರು, ಕೆಲವರಲ್ಲಿ ಐದು ಕಹಳೆಗಳು.

ಹಾಗಿದ್ದರೂ ಆಂಪ್ಲಿಫೈಯರ್ ಒಂದೇ ಸಾಲದೆ ಎಂದು ಕೇಳಬಹುದು. ಸಾಮಾನ್ಯವಾಗಿ ಒಂದೇ ಇರುತ್ತದೆ. ಅದರ ಮುಂದೆ ಕಾಯಿಲು, ಕೆಪಾಸಿಟರುಗಳ ಒಂದು ಜಾಲವನ್ನು ಹೂಡಿ, ಮಂದ್ರವನ್ನು ಇತ್ತ, ತಾರವನ್ನು ಅತ್ತ ಎಂದು ವಿಂಗಡಿಸುವುದು ವಾಡಿಕೆ. ಆದರೆ ನಡುವಿನ ಡ್ರೈವರ್ 108 ಡೆಸಿಬಲ್, ಮಂದ್ರದ್ದು 102 ಎಂದಾದಾಗ ಹೆಚ್ಚಿನದನ್ನು ರೆಸಿಸ್ಟರುಗಳಿಂದ ಅದುಮಿ ಕೆಳಗಿನದಕ್ಕೆ ಸಮಮಾಡಬೇಕಾಗುತ್ತದೆ. ಮಂದ್ರಕ್ಕೆ ಬೇಕಾದ ದಪ್ಪ ಕಾಯಿಲಿನ ತಾಮ್ರ ತನ್ನ ಪ್ರತಿರೋಧವನ್ನು ಆಂಪ್ಲಿಫೈಯರಿಗೂ ಡ್ರೈವರಿಗೂ ನಡುವೆ ತಂದು ನಿಲ್ಲಿಸುತ್ತದೆ. ವಿಂಗಡಣೆಯನ್ನು ಆಂಪ್ಲಿಫೈಯರಿಗಿಂತ ಮುಂಚೆಯೇ, ಸಂಕೇತ ಇನ್ನೂ ಕ್ಷೀಣವಾಗಿರುವಾಗಲೇ ಮಾಡಿ, ಒಂದೊಂದು ಕಹಳೆಗೂ ಒಂದೊಂದು ಆಂಪ್ಲಿಫೈಯರನ್ನು ನೇರವಾಗಿ ತಗುಲಿಸುವುದು ಇನ್ನೊಂದು ದಾರಿ. ಜಪಾನಿನ ಹವ್ಯಾಸಿಗಳು ಈ ದಾರಿಯಲ್ಲಿ ಬಹುದೂರ ನಡೆದಿದ್ದಾರೆ. 1924ರಲ್ಲಿಯೇ ಆರಂಭವಾದ ‘ಮುಸೆನ್ ಟು ಜಿಕ್ಕೆನ್’ ಎಂಬ ಅಲ್ಲಿನ ಪತ್ರಿಕೆಯ ಹೆಸರಿಗೆ ‘ನಿಸ್ತಂತು ಮತ್ತು ಪ್ರಯೋಗ’ ಎಂದರ್ಥ. ತನ್ನ ಕೈಯಾರೆ ಕಟ್ಟಿ, ಅಳೆದು, ಆಲಿಸಿ ತಿದ್ದಿಕೊಳ್ಳುವ ಜನರನ್ನು ಅಂತಹ ಪತ್ರಿಕೆಗಳೇ ಬೆಳೆಸಿದುವು. ಮೂರು ಕಹಳೆಗೆ ಮೂರು ಜೋಡಿ, ಅಂದರೆ ಆರು ಆಂಪ್ಲಿಫೈಯರುಗಳು: ಕೇಳಿದರೆ ಆಡಂಬರವೆನಿಸುತ್ತದೆ. ಆದರೆ ಒಂದೊಂದರ ಕೆಲಸವೂ ಕಿರಿದಾಗುವುದರಿಂದ ಒಂದೊಂದೂ ಸರಳವಾಗಬಲ್ಲುದು, ಅಗ್ಗವಾಗಬಲ್ಲುದು. ಎರಡು ವಾಟಿನ, ಎರಡೇ ಪಟ್ಟು ವರ್ಧನೆಯ, ನಿಶ್ಶಬ್ದವಾದ ಆಂಪ್ಲಿಫೈಯರನ್ನು ಅಂಗಡಿಗಳಲ್ಲಿ ಮಾರುವವರಿಲ್ಲವಾದ ಕಾರಣ, ಅದನ್ನು ಮನೆಯಲ್ಲಿ ಕಟ್ಟಿಕೊಳ್ಳುವುದು ಹವ್ಯಾಸಕ್ಕಿಂತ ಹೆಚ್ಚಾಗಿ ಅಗತ್ಯವೇ ಆಗಿಬಿಡುತ್ತದೆ.

ಈ ಆರರ ಆಯ್ಕೆಯಲ್ಲಿ ನಾನು ಕಂಡುಕೊಂಡುದನ್ನು ಒಂದು ಮಾತಿನಲ್ಲಿ ಹೇಳುವುದಾದರೆ, ಒಂದೊಂದು ಸ್ಥಾಯಿಗೂ ಅದರದೇ ಆದ ಒಬ್ಬ ಶತ್ರು ಇದ್ದಾನೆ. ಆ ಶತ್ರುವನ್ನು ಗುರುತಿಸಿ ಆಂಪ್ಲಿಫೈಯರನ್ನು ಆರಿಸಬೇಕು. ಮಂದ್ರದ ಕಹಳೆಯ ಶತ್ರು ‘ಗುಂಯ್’ ಎನ್ನುವ ಹಮ್ಮಿಂಗ್. ಮನೆಗೆ ಬರುವ ವಿದ್ಯುತ್ತು 50 ಹರ್ಟ್ಜಿನದು. ರೆಕ್ಟಿಫೈಯರನ್ನು ದಾಟಿದಾಗ ಅದರ ಏರಿಳಿತ 100 ಹರ್ಟ್ಜ್. ಎರಡನ್ನೂ ಮಂದ್ರದ ಕಹಳೆ ಸುಸ್ಪಷ್ಟವಾಗಿ ನುಡಿಯುತ್ತದೆ. ತಾರದ ಕಹಳೆಗೆ ಈ ಗುಂಯ್ ಕೇಳಿಸುವುದೇ ಇಲ್ಲ. ಅದರ ಶತ್ರು ‘ಸುಯ್’ ಎನ್ನುವ ಹಿಸ್. ನಡುವಿನ ಕಹಳೆ ಇಬ್ಬರಿಗೂ ಸುಲಭದ ತುತ್ತು. ಮಲ್ಲಿಕಾರ್ಜುನ ಮನಸೂರರ ಗಾಯನವನ್ನು ಆಲಿಸುವಾಗ ಕಂಠದ ಕೆಳಗೆ ಹಾಸಿದಂತೆ ಬಿದ್ದಿರುವ ತಂಬೂರಿಯ ನಾದವನ್ನು ನೆನೆಯಿರಿ. ಆ ನಾದ ಮೀಟಿದ ಬಳಿಕ ಕ್ಷೀಣಿಸುತ್ತ ಕ್ಷೀಣಿಸುತ್ತ ಎಲ್ಲಿ ಮುಗಿಯಿತೆಂದು ತಿಳಿಯದಂತೆ ಮುಗಿಯಬೇಕು. ಹಾರ್ಮೋನಿಯಂನ ಕಪ್ಪು ಒಂದರ ಷಡ್ಜ ಹತ್ತಿರ ಹತ್ತಿರ 139 ಹರ್ಟ್ಜ್; ಅದರ ಪಕ್ಕದಲ್ಲಿ ನಮ್ಮ ಆಂಪ್ಲಿಫೈಯರ್ 100 ಹರ್ಟ್ಜಿನ ತನ್ನದೊಂದು ತಂಬೂರಿಯನ್ನು ತಪ್ಪು ಶ್ರುತಿಯಲ್ಲಿ ಮೀಟುತ್ತ ಕುಳಿತರೆ, ಹಾಡುವವರು ಯಾರೇ ಆಗಲಿ, ಆ ಕಚೇರಿ ಕೆಟ್ಟಂತೆಯೇ.

ನಡುವಿನ ಸ್ಥಾಯಿಯೇ ಹೆಚ್ಚಿನ ಶ್ರಮವನ್ನು ಬೇಡುವುದರಿಂದ ಅದರಿಂದಲೇ ಆರಂಭಿಸುತ್ತೇನೆ. ನನ್ನ ನಡುವಿನ ಕಹಳೆ 500 ಹರ್ಟ್ಜಿನಿಂದ 6000ದವರೆಗೆ ನುಡಿಯುತ್ತದೆ. ಮನುಷ್ಯಕಂಠದ ವ್ಯಂಜನಗಳಲ್ಲಿ ಹೆಚ್ಚಿನವೂ, ವೀಣೆಯ ಮೀಟಿನ ಮೊನೆಯೂ ಇಲ್ಲಿಯೇ ಇವೆ. ಇದಕ್ಕಾಗಿ ಮೊದಲು ನಾನು ಕಟ್ಟಿದುದು ಎಲ್‌ಎಂ 1875 ಎಂಬ ಚಿಪ್ಪಿನ ಆಂಪ್ಲಿಫೈಯರನ್ನು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೈಗೆ ಸಿಕ್ಕುವ, ಐದು ಕಾಲಿನ, ಒಂದು ಸಂಜೆಯಲ್ಲಿ ಬೆಸೆದು ಮುಗಿಸಬಹುದಾದ ಈ ಚಿಪ್ಪನ್ನು ನಾನು ಹೀಗಳೆಯುವುದಿಲ್ಲ. ಪೆಟ್ಟಿಗೆ ಸ್ಪೀಕರಿಗೆ ಅದು ತಕ್ಕುದಾದುದೇ. ಆದರೆ ಹತ್ತು ಪಟ್ಟಿಗಿಂತ ಕಡಮೆ ವರ್ಧನೆಯಲ್ಲಿ ಅದು ಸ್ಥಿರವಾಗಿ ನಿಲ್ಲದೆ ತಾನೇ ಆಂದೋಲನಕ್ಕೆ ತೊಡಗುತ್ತದೆ. ಕಹಳೆಗೆ ಎರಡು ವಾಟ್ ಸಾಕು, ಎಂಟು ಓಮಿಗೆ ಎರಡು ವಾಟ್ ಎಂದರೆ ನಾಲ್ಕು ವೋಲ್ಟ್, ಸಿ.ಡಿ. ಪ್ಲೇಯರ್ ತಾನೇ ಎರಡು ವೋಲ್ಟ್ ಕೊಡುತ್ತದೆ. ಬೇಕಾದ ವರ್ಧನೆ ಎರಡು ಪಟ್ಟು. ಮಿಕ್ಕ ವರ್ಧನೆಯೆಲ್ಲ ಹಿಂದಿನ ಉಪಕರಣಗಳ ಸುಯ್ಯನ್ನು ಹೆಚ್ಚಿಸುವುದಕ್ಕಷ್ಟೇ ಉಪಯೋಗವಾಗುತ್ತಿತ್ತು. ಚಿಪ್ಪಿಗೂ ಡ್ರೈವರಿಗೂ ನಡುವೆ ಎರಡು ರೆಸಿಸ್ಟರುಗಳನ್ನಿಟ್ಟು ಸಂಗೀತವನ್ನೂ ಸುಯ್ಯನ್ನೂ ಒಟ್ಟಿಗೇ ಹತ್ತು ಡೆಸಿಬಲ್ ತಗ್ಗಿಸಿ ಸ್ವಲ್ಪಕಾಲ ಸಮಾಧಾನಪಟ್ಟುಕೊಂಡೆ. ಚಿಪ್ಪಿಗೆ ಬಲ ಧಾರಾಳವಾಗಿರುವುದರಿಂದ ಈ ಉಪಾಯ ನ್ಯಾಯವಾದುದೇ. ಮೊದಲ ಬಾರಿಗೆ ಕಟ್ಟುವವರಿಗೆ ಇಂದಿಗೂ ಅದನ್ನೇ ಹೇಳುತ್ತೇನೆ.

ಆದರೂ ಮನಸ್ಸಿಗೆ ಒಪ್ಪದ ಇನ್ನೊಂದು ಸಂಗತಿ ಉಳಿದಿತ್ತು. ಇಂತಹ ಚಿಪ್ಪುಗಳೂ ಬಹುಪಾಲು ಟ್ರಾನ್ಸಿಸ್ಟರ್ ಆಂಪ್ಲಿಫೈಯರುಗಳೂ ಅಲೆಯ ಮೇಲಿನ ಅರ್ಧವನ್ನು ಒಂದು ಟ್ರಾನ್ಸಿಸ್ಟರಿನಿಂದಲೂ ಕೆಳಗಿನ ಅರ್ಧವನ್ನು ಇನ್ನೊಂದರಿಂದಲೂ ಮಾಡಿಸುತ್ತವೆ. ಒಂದರಿಂದ ಇನ್ನೊಂದಕ್ಕೆ ಕೆಲಸ ಕೈಬದಲಾಗುವ ಸಂಧಿಯಲ್ಲಿ ಒಂದು ಸಣ್ಣ ಊನ ತಪ್ಪುವುದಿಲ್ಲ. ಮೂವತ್ತು ವಾಟ್ ಹರಿಯುತ್ತಿರುವಾಗ ಆ ಊನ ಮಹಾಪೂರದಲ್ಲಿ ಮುಳುಗಿದ ಕಲ್ಲಿನಂತೆ ಕಾಣದೆ ಹೋಗುತ್ತದೆ. ಕಹಳೆಯಾದರೋ ಮಿಲಿವಾಟುಗಳಲ್ಲಿಯೇ ಬಾಳುವುದು. ಬೇಸಗೆಯ ತೆಳುನೀರಿನ ಹೊಳೆಯಲ್ಲಿ ಕಲ್ಲೆಲ್ಲ ತಲೆಯೆತ್ತಿರುತ್ತವಷ್ಟೆ. ಕ್ಯಾಲಿಫೋರ್ನಿಯಾದ ನೆಲ್ಸನ್ ಪಾಸ್ ಎಂಬ ಪ್ರಸಿದ್ಧ ಆಂಪ್ಲಿಫೈಯರ್ ಶಿಲ್ಪಿ ತನ್ನ ಒಂದು ಉದ್ಯಮಕ್ಕೆ ‘ಫಸ್ಟ್ ವಾಟ್’ ಎಂದೇ ಹೆಸರಿಟ್ಟು, ಹವ್ಯಾಸಿಗಳು ಕಟ್ಟಿಕೊಳ್ಳಲೆಂದು ಒಂದು ಎರಡು ಹಂತಗಳ ಸರಳ ನಕ್ಷೆಗಳನ್ನು ಉದಾರವಾಗಿ ಹಂಚಿರುವುದು ಈ ಅರಿವಿನಿಂದಲೇ. ಮೊದಲ ವಾಟ್ ಶುದ್ಧವಾಗಿಲ್ಲದ ಮೇಲೆ ಆಮೇಲಿನವು ಎಷ್ಟಿದ್ದರೇನು?

ಸಂಧಿಯೇ ಇಲ್ಲದ ದಾರಿಯೆಂದರೆ ಒಂದೇ ವಾಲ್ವು ಇಡೀ ಅಲೆಯನ್ನು ಹೊತ್ತು ನಡೆಯುವ ಸಿಂಗಲ್ ಎಂಡೆಡ್ ಆಂಪ್ಲಿಫೈಯರ್. ಅಮೆರಿಕದ 2ಎ3 ಎಂಬ ಟ್ರಯೋಡ್ ಮೂರೂವರೆ ವಾಟ್, 300ಬಿ ಎಂಟು ವಾಟ್ ಕೊಡುತ್ತವೆ. ಹೆಸರೂ ಬೆಲೆಯೂ ಎರಡಕ್ಕೂ ದೊಡ್ಡವು. ಅವುಗಳ ತಂತು ತಾನೇ ಕ್ಯಾಥೋಡ್ ಆಗಿರುವುದರಿಂದ ಅದನ್ನು ಕಾಯಿಸುವ ಕರೆಂಟಿನ ಗುಂಯ್ ನೇರವಾಗಿ ಸಂಗೀತದೊಳಕ್ಕೆ ನುಸುಳುತ್ತದೆ. ನಾನು ಆರಿಸಿಕೊಂಡುದು ನಮ್ಮ ಮನೆಯ ಹಳೆಯ ರೇಡಿಯೋದಲ್ಲಿಯೂ ಇದ್ದ ಇಎಲ್ 84. ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆ 1961ರಲ್ಲಿ ರೇಡಿಯೋ ವಾಲ್ವುಗಳ ತಯಾರಿಕೆಯನ್ನು ಆರಂಭಿಸಿತು. ಬಿಇಎಲ್ ಎಂಬ ಮುದ್ರೆಯ ಇಎಲ್ 84ಗಳು ಇಂದಿಗೂ ಹಳೆಯ ರಿಪೇರಿ ಅಂಗಡಿಗಳ ಡಬ್ಬಿಗಳಲ್ಲಿ ಅಲ್ಲೊಂದು ಇಲ್ಲೊಂದು ದೊರೆಯುತ್ತವೆ. ಅದು ಪೆಂಟೋಡ್, ಅದರ ಸ್ಕ್ರೀನನ್ನು ಆನೋಡಿಗೆ ಸೇರಿಸಿದರೆ ಟ್ರಯೋಡಿನಂತೆ ವರ್ತಿಸಿ ಸುಮಾರು ಎರಡು ವಾಟ್ ಕೊಡುತ್ತದೆ. ಬೇಕಾದುದೂ ಅಷ್ಟೇ. ಅದರ ಹಿಂದಿನ ಹಂತದಲ್ಲಿ ಎಲ್ಲ ನಕ್ಷೆಗಳೂ ಹೇಳುವಂತೆ ಇಸಿಸಿ 83 ಹಾಕಿದಾಗ ವರ್ಧನೆ ಮಿತಿಮೀರಿ ಸುಯ್ ಮತ್ತೆ ತಲೆಹಾಕಿತು. ಕಾಲುಗಳ ಜೋಡಣೆ ಒಂದೇ ಆಗಿರುವ ಇಸಿಸಿ 82ನ್ನು ಅದೇ ಬುಡದಲ್ಲಿ ಕೂರಿಸಿ, ಆನೋಡ್ ಮತ್ತು ಕ್ಯಾಥೋಡಿನ ರೆಸಿಸ್ಟರುಗಳನ್ನು ಅದಕ್ಕೆ ತಕ್ಕಂತೆ ಬದಲಿಸಿದೆ. ವರ್ಧನೆ ಕಾಲುಪಾಲಿಗೆ ಇಳಿಯಿತು, ಅದರೊಂದಿಗೆ ಸುಯ್ಯೂ ಇಳಿಯಿತು.

ಇನ್ನು ಔಟ್‌ಪುಟ್ ಟ್ರಾನ್ಸ್‌ಫಾರ್ಮರ್. ವಾಲ್ವು ಆಂಪ್ಲಿಫೈಯರಿನಲ್ಲಿ ಅತಿ ದುಬಾರಿಯೂ ಅತಿ ಕಠಿನವೂ ಆದ ಅಂಗ ಇದೇ. ಮಂದ್ರವನ್ನು ದಾಟಿಸಲು ಕಬ್ಬಿಣ ಹೆಚ್ಚಬೇಕು, ತಾರವನ್ನು ದಾಟಿಸಲು ಸುರುಳಿ ಕಡಮೆಯಾಗಬೇಕು ಎಂಬ ಎರಡು ವಿರುದ್ಧ ಆಜ್ಞೆಗಳ ನಡುವೆ ಅದು ಸಿಕ್ಕಿಬಿದ್ದಿರುತ್ತದೆ. ಹಲವು ಆಂಪ್ಲಿಫೈಯರುಗಳ ವ್ಯವಸ್ಥೆಯ ನಿಜವಾದ ವರ ಇಲ್ಲಿ ಕಾಣುತ್ತದೆ. 500 ಹರ್ಟ್ಜಿನ ಕೆಳಗೆ ಇಳಿಯಬೇಕಾಗಿಲ್ಲದ ಟ್ರಾನ್ಸ್‌ಫಾರ್ಮರಿಗೆ, 50 ಹರ್ಟ್ಜಿಗೆ ಇಳಿಯಬೇಕಾದುದರ ಹತ್ತರಲ್ಲೊಂದು ಪಾಲು ಇಂಡಕ್ಟನ್ಸ್ ಸಾಕು. ಪ್ರೈಮರಿ, ಸೆಕೆಂಡರಿ ಎಂದು ಪದರ ಪದರವಾಗಿ ಒಂದರ ಮೇಲೊಂದು ಸುತ್ತುವ ಕ್ರಮವನ್ನು ಬರೆದುಕೊಂಡು ವೈಂಡಿಂಗ್ ಅಂಗಡಿಗೆ ಹೋದಾಗ ಅಲ್ಲಿನ ಹಿರಿಯರು ಕಾಗದವನ್ನು ಬೆಳಕಿಗೆ ಹಿಡಿದು, “ಇಷ್ಟು ಸಣ್ಣ ಸ್ಟಾಂಪಿಂಗಿಗೆ ಇಷ್ಟೊಂದು ಲೇಯರ್ ಯಾಕೆ ಸಾರ್? ಎಲಿಮಿನೇಟರಿಗೆ ಯಾರೂ ಹಿಂಗೆ ಸುತ್ತಿಸಲ್ಲ” ಎಂದರು. ಹಾಡು ಕೇಳುವುದಕ್ಕೆ ಎಂದೆ. ಅವರು ಮತ್ತೇನೂ ಕೇಳದೆ, ಪದರ ಪದರದ ನಡುವೆ ಕಾಗದ ಹಾಸಿ, ಒಂದೊಂದು ಸುತ್ತನ್ನೂ ಬೆರಳಿನಿಂದ ಒತ್ತಿ ಕೂರಿಸುತ್ತ ಎರಡು ದಿನದಲ್ಲಿ ಜೋಡಿಯನ್ನು ಮುಗಿಸಿಕೊಟ್ಟರು. ಒಂದೇ ದಿಕ್ಕಿಗೆ ಹರಿಯುವ ಕರೆಂಟಿನಿಂದ ಕಬ್ಬಿಣ ಕಾಂತದಲ್ಲಿ ಮುಳುಗದಿರಲೆಂದು ಬಿಡಬೇಕಾದ ಸಂದಿಗೆ ಎಷ್ಟು ದಪ್ಪದ ಕಾಗದವೆಂಬುದನ್ನು ಮಾತ್ರ ಮೂರು ಸಲ ಕೇಳಿ ಖಚಿತಪಡಿಸಿಕೊಂಡರು.

ಆ ಟ್ರಾನ್ಸ್‌ಫಾರ್ಮರನ್ನು ತಗಡಿನ ಚಾಸಿಯ ಮೇಲೆ ಎಲ್ಲಿ ಕೂರಿಸಬೇಕೆಂಬುದನ್ನು ಕಣ್ಣಿನಿಂದ ನಿರ್ಧರಿಸತಕ್ಕದ್ದಲ್ಲ. ತೂತು ಕೊರೆಯುವ ಮುನ್ನ, ಬರಿಯ ಮೇಜಿನ ಮೇಲೆ, ಪವರ್ ಟ್ರಾನ್ಸ್‌ಫಾರ್ಮರಿಗೆ ಮಾತ್ರ ಮೈನ್ಸ್ ಕೊಟ್ಟು, ಯಾವುದಕ್ಕೂ ಜೋಡಿಸದ ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನ ಎರಡು ತುದಿಗಳಿಗೆ ಹೆಡ್‌ಫೋನ್ ಸೇರಿಸಿ ಕಿವಿಗೆ ಹಾಕಿಕೊಳ್ಳಬೇಕು. ತಂತಿಯ ಸಂಪರ್ಕವೇ ಇಲ್ಲದಿದ್ದರೂ ಪವರ್ ಟ್ರಾನ್ಸ್‌ಫಾರ್ಮರಿನ ಕಾಂತಕ್ಷೇತ್ರ ಗಾಳಿಯನ್ನು ದಾಟಿ ಬಂದು ಗುಂಯ್‌ಗುಡುವುದು ಕೇಳಿಸುತ್ತದೆ. ಔಟ್‌ಪುಟ್ ಟ್ರಾನ್ಸ್‌ಫಾರ್ಮರನ್ನು ಕೈಯಲ್ಲಿ ಹಿಡಿದು ಮೆಲ್ಲನೆ ತಿರುಗಿಸುತ್ತ ಬಂದರೆ, ಗುಂಯ್ ಕುಗ್ಗುತ್ತ ಕುಗ್ಗುತ್ತ ಒಂದು ಕೋನದಲ್ಲಿ ತಟಕ್ಕನೆ ಮಾಯವಾಗಿ, ಇನ್ನು ಬೆರಳಗಲ ತಿರುಗಿಸಿದೊಡನೆ ಮತ್ತೆ ಹುಟ್ಟಿಕೊಳ್ಳುತ್ತದೆ. ಆ ಕೋನವನ್ನು ಪೆನ್ಸಿಲಿನಿಂದ ಗುರುತುಮಾಡಿ ಅಲ್ಲಿಯೇ ಕೊರೆಯಬೇಕು. ನೋಡುವವರಿಗೆ ಅದು ಓರೆಯಾಗಿ ಕಾಣಬಹುದು. ನನ್ನ ನಡುವಿನ ಆಂಪ್ಲಿಫೈಯರಿನಲ್ಲಿ ಎರಡು ಟ್ರಾನ್ಸ್‌ಫಾರ್ಮರುಗಳೂ ಓರೆಯಾಗಿಯೇ ಇವೆ.

ಮಂದ್ರದ ವಿಷಯದಲ್ಲಿ ಹೆಚ್ಚು ಹೇಳಬೇಕಾದುದಿಲ್ಲ. ಮಡಿಕೆಯ ಕಹಳೆ ಮೇಲಿನ ಸ್ವರಗಳನ್ನು ತಾನೇ ನುಂಗಿಕೊಳ್ಳುವುದರಿಂದ ಅಲ್ಲಿ ಸುಯ್‌ನ ಭಯವಿಲ್ಲ. ಎಲ್‌ಎಂ 3886 ಚಿಪ್ಪಿನ ಒಂದು ಗಟ್ಟಿಯಾದ ಆಂಪ್ಲಿಫೈಯರ್, ಅದಕ್ಕೆ ಧಾರಾಳವಾದ ಕೆಪಾಸಿಟರುಗಳ ಪವರ್ ಸಪ್ಲೈ, ಇಷ್ಟು ಸಾಕು. ಸಂಗೀತದ ಶಕ್ತಿಯ ದೊಡ್ಡ ಪಾಲು ಮಂದ್ರದಲ್ಲಿಯೇ ಇರುವುದರಿಂದ ಇಪ್ಪತ್ತು ಮೂವತ್ತು ವಾಟುಗಳ ಸಂಗ್ರಹ ಇಲ್ಲಿರುವುದು ಒಳ್ಳೆಯದು. ವಾಲ್ವಿನ ಮೋಹವನ್ನು ಮಂದ್ರದವರೆಗೂ ಎಳೆದು, ಮಣಭಾರದ ಟ್ರಾನ್ಸ್‌ಫಾರ್ಮರುಗಳಿಗೆ ಹಣ ಸುರಿದು, ಕಡೆಗೆ ಸಡಿಲವಾದ ಮೃದಂಗವನ್ನು ಕೇಳುತ್ತ ಕುಳಿತ ಮಿತ್ರರನ್ನು ಕಂಡು ಮರುಗಿದ್ದೇನೆ.

ತಾರಕ್ಕೆ ನಾನು ಇಟ್ಟುಕೊಂಡಿರುವುದು ಇಂಗ್ಲೆಂಡಿನ ಲಿನ್ಸ್‌ಲೇ ಹುಡ್ 1969ರ ಏಪ್ರಿಲಿನ ‘ವೈರ್‌ಲೆಸ್ ವರ್ಲ್ಡ್’ ಪತ್ರಿಕೆಯಲ್ಲಿ ಪ್ರಕಟಿಸಿದ, ನಾಲ್ಕೇ ಟ್ರಾನ್ಸಿಸ್ಟರುಗಳ, ಕೈಬದಲಾಗುವ ಸಂಧಿಯಿಲ್ಲದ ಕ್ಲಾಸ್ ಎ ಆಂಪ್ಲಿಫೈಯರನ್ನು. ಮೂಲದಲ್ಲಿ ಅದು ಹತ್ತು ವಾಟಿನದು. ಅದಕ್ಕಾಗಿ ಒಂದೊಂದು ಚಾನಲ್ಲೂ ಮೂವತ್ತು ವಾಟಿಗೂ ಮಿಗಿಲಾಗಿ ಹಗಲಿರುಳು ಬಿಸಿಯನ್ನು ಸುರಿಸುತ್ತದೆ. ತಾರದ ಕಹಳೆಗೆ ಒಂದು ವಾಟ್ ಯಥೇಷ್ಟ. ಆದುದರಿಂದ 12 ವೋಲ್ಟಿನ ಸಪ್ಲೈಯಲ್ಲಿ ಅರ್ಧ ಆಂಪಿಯರ್ ಹರಿಯುವಂತೆ ಅದನ್ನು ತಗ್ಗಿಸಿದೆ. ಬಿಸಿ ಆರು ವಾಟಿಗೆ ಇಳಿದು, ಅಂಗೈಯಗಲದ ಹೀಟ್ ಸಿಂಕ್ ಬೆಚ್ಚಗಿದ್ದರೆ ಹೆಚ್ಚು. ಈ ನಕ್ಷೆಯಲ್ಲಿ ಸ್ಪೀಕರಿಗೆ ಹೋಗುವ ದಾರಿಯಲ್ಲಿ ಒಂದು ದೊಡ್ಡ ಕೆಪಾಸಿಟರ್ ಇದೆ, ಹಲವರು ಅದನ್ನು ದೋಷವೆಂದು ಬಗೆಯುತ್ತಾರೆ. ನಾನು ಅದರ ಜಾಗದಲ್ಲಿ 20 ಮೈಕ್ರೋಫ್ಯಾರಡಿನ ಫಿಲ್ಮ್ ಕೆಪಾಸಿಟರ್ ಹಾಕಿದ್ದೇನೆ. ಎಂಟು ಓಮಿನ ಡ್ರೈವರಿಗೆ ಅದು ಸಾವಿರ ಹರ್ಟ್ಜಿನ ಕೆಳಗಿನದನ್ನೆಲ್ಲ ತಡೆಯುತ್ತದೆ. 6000 ಹರ್ಟ್ಜಿನ ಮೇಲಿನ ಸಂಗೀತಕ್ಕೆ ಅದರಿಂದ ಬಾಧಕವಿಲ್ಲ. ಡ್ರೈವರಿನ ಪ್ರಾಣಕ್ಕೆ ಮಾತ್ರ ಅದೊಂದು ಕವಚ.

ಆ ಕವಚದ ಬೆಲೆಯನ್ನು ತಿಳಿದುದು ಕಳೆದುಕೊಂಡ ಮೇಲೆಯೇ. ಒಂದು ರಾತ್ರಿ ಮಂದ್ರದ ತಂತಿಯನ್ನು ತಾರದ ಡ್ರೈವರಿಗೆ ಸಿಕ್ಕಿಸಿ ಸ್ವಿಚ್ಚು ಒತ್ತಿದೆ. ‘ಟಪ್’ ಎಂಬ ಒಂದು ಸದ್ದು. ಕೂದಲೆಳೆಯಷ್ಟು ತೆಳುವಾದ ಪಟಲ ಹರಿದು, ಕಾಯಿಲು ಕಪ್ಪಾಗಿತ್ತು. ಹೊಸ ಪಟಲ ಬರುವವರೆಗೆ ನಾಲ್ಕು ತಿಂಗಳು ಆ ಕಹಳೆ ಮೂಕವಾಗಿ ನಿಂತಿತ್ತು. ಅಂದಿನಿಂದ ಮೂರು ಸ್ಥಾಯಿಗಳಿಗೆ ಮೂರು ಬೇರೆ ಬೇರೆ ಜಾತಿಯ ಕನೆಕ್ಟರುಗಳು. ತಪ್ಪಾಗಿ ಸಿಕ್ಕಿಸಬೇಕೆಂದು ಹಟಹಿಡಿದರೂ ಸಿಕ್ಕುವುದಿಲ್ಲ.

ಒಂದೊಂದಾಗಿ ನಿಶ್ಶಬ್ದವಾಗಿದ್ದ ಆಂಪ್ಲಿಫೈಯರುಗಳನ್ನು ಒಟ್ಟಿಗೆ ಜೋಡಿಸಿದ ದಿನ ಗುಂಯ್ ಮತ್ತೆ ಬಂದರೆ ಎದೆಗೆಡಬೇಕಾಗಿಲ್ಲ. ಮೂರು ಆಂಪ್ಲಿಫೈಯರುಗಳೂ ಮೈನ್ಸಿನ ಮೂಲಕ ಒಮ್ಮೆ, ಸಂಕೇತದ ತಂತಿಯ ಮೂಲಕ ಇನ್ನೊಮ್ಮೆ ಭೂಮಿಗೆ ಸೇರಿ, ಆ ಎರಡು ದಾರಿಗಳ ನಡುವೆ ಒಂದು ದೊಡ್ಡ ಉಂಗುರವಾಗಿರುತ್ತದೆ. ಮೈನ್ಸಿನ ಕಾಂತ ಆ ಉಂಗುರದಲ್ಲಿ ಕರೆಂಟನ್ನು ಸುತ್ತಿಸುತ್ತದೆ. ಮೂರಕ್ಕೂ ಒಂದೇ ಬೋರ್ಡಿನಿಂದ ಮೈನ್ಸ್ ಕೊಟ್ಟು, ಒಂದೊಂದರೊಳಗೂ ಸಂಕೇತದ ನೆಲೆಗೂ ಚಾಸಿಗೂ ನಡುವೆ ಹತ್ತು ಓಮಿನ ರೆಸಿಸ್ಟರನ್ನಿಟ್ಟಾಗ ನನ್ನಲ್ಲಿ ಅದು ಹೋಯಿತು. ಗುಂಯ್ ಹೋಗಲೆಂದು ಪ್ಲಗ್ಗಿನ ಮೂರನೆಯ ಕಾಲಿನ ಅರ್ಥ್ ತಂತಿಯನ್ನೇ ಕತ್ತರಿಸುವವರುಂಟು. ಅದು ಪ್ರಾಣದೊಡನೆ ಆಡುವ ಆಟ. ಚಾಸಿ ಎಂದಿಗೂ ಅರ್ಥಿಗೆ ಸೇರಿಯೇ ಇರಬೇಕು.

ಮೂರು ಸ್ಥಾಯಿಗಳಿಗೂ ಒಂದೇ ಜಾತಿಯ ಆಂಪ್ಲಿಫೈಯರ್ ಇರದಿದ್ದರೆ ನಾದದ ಏಕತೆ ಕೆಡುವುದೆಂದು ವಾದಿಸುವ ಬಲ್ಲವರಿದ್ದಾರೆ. ಅವರ ಮಾತನ್ನು ನಾನು ವರ್ಷಗಳ ಕಾಲ ನಂಬಿ, ಅದರಂತೆ ಕಟ್ಟಿಯೂ ನೋಡಿದೆ. ನನ್ನ ಕಿವಿಗೆ ಏಕತೆಯನ್ನು ಕೆಡಿಸಿದುದು ಬೇರೆಯೇ: ಎರಡೂವರೆ ಮೀಟರ್ ಉದ್ದದ ಮಡಿಕೆಯ ಕಹಳೆಯೊಳಗಿಂದ ಮಂದ್ರದ ನಾದ ಹೊರಬೀಳುವುದು ಏಳು ಮಿಲಿಸೆಕೆಂಡಿನಷ್ಟು ತಡವಾಗಿ. ವಿಂಗಡಣೆಯನ್ನು ಡಿಜಿಟಲ್ ಪ್ರೊಸೆಸರಿಗೆ ವಹಿಸಿ, ಮೇಲಿನ ಎರಡು ಸ್ಥಾಯಿಗಳನ್ನು ಅಷ್ಟೇ ಹೊತ್ತು ಕಾಯಿಸಿದ ದಿನ, ದೊರೆಸ್ವಾಮಿ ಅಯ್ಯಂಗಾರ್ಯರ ವೀಣೆಯ ಮಂದ್ರತಂತಿಯೂ ಅದರ ಮೇಲಿನ ಬೆರಳಿನ ಸದ್ದೂ ಒಂದೇ ಕೊಡದಿಂದ ಹೊರಟು ಬಂದುವು. ಆಂಪ್ಲಿಫೈಯರುಗಳು ಅಂದು ಕೂಡ ಬೇರೆ ಬೇರೆ ಜಾತಿಯವೇ ಆಗಿದ್ದುವು. ಪ್ರೊಸೆಸರಿನ ಸುಯ್ ಒಂದನ್ನು ಮರೆಯಬಾರದು: ಅದರೊಳಗೆ ಧ್ವನಿಯನ್ನು ಕುಗ್ಗಿಸಿದರೆ ಸಂಗೀತ ಮಾತ್ರ ಕುಗ್ಗಿ ಸುಯ್ ಹಾಗೆಯೇ ನಿಲ್ಲುತ್ತದೆ, ಅದನ್ನು ತುಂಬುಮಟ್ಟದಲ್ಲಿ ಓಡಿಸಿ, ವಾಲ್ಯೂಮನ್ನು ಅದರ ಮುಂದೆ, ಆಂಪ್ಲಿಫೈಯರಿನ ಬಾಗಿಲಿನಲ್ಲಿ ಇಡಬೇಕು. ಮೂರು ಜೋಡಿಗೂ ಒಟ್ಟಿಗೆ ತಿರುಗುವ ಆರು ಪಟ್ಟಿಯ ಒಂದೇ ಕಂಟ್ರೋಲನ್ನು ಹುಡುಕುವುದು ಕಷ್ಟ, ಆದರೆ ಹುಡುಕಿದ ಶ್ರಮ ವ್ಯರ್ಥವಾಗುವುದಿಲ್ಲ.

ಕಟ್ಟಬೇಕೆಂಬ ಮನಸ್ಸಾದವರು ನಡುವಿನ ಆಂಪ್ಲಿಫೈಯರಿನಿಂದಲೇ ಆರಂಭಿಸಿರಿ. ಡ್ರೈವರಿನ ಬದಲು ಎಂಟು ಓಮಿನ ರೆಸಿಸ್ಟರನ್ನು ತಗುಲಿಸಿ, ಮೀಟರಿನಲ್ಲಿ ಉಳಿಕೆಯ ಗದ್ದಲ ಒಂದು ಮಿಲಿವೋಲ್ಟಿನ ಹತ್ತರಲ್ಲೊಂದಕ್ಕೆ ಇಳಿಯುವವರೆಗೂ ಅದನ್ನು ಕಹಳೆಗೆ ಜೋಡಿಸಬೇಡಿರಿ. ಆತುರದಲ್ಲಿ ಮರೆಯಬಾರದ ಇನ್ನೊಂದು ಮಾತುಂಟು. ವಾಲ್ವಿನ ಸಪ್ಲೈಯಲ್ಲಿ ಮುನ್ನೂರು ವೋಲ್ಟ್ ಇರುತ್ತದೆ, ಸ್ವಿಚ್ಚು ಆರಿಸಿ ಪ್ಲಗ್ಗು ಕಿತ್ತ ಮೇಲೆಯೂ ಅದು ಕೆಪಾಸಿಟರುಗಳಲ್ಲಿ ಬಹಳ ಹೊತ್ತು ಕಾದುಕೊಂಡಿರುತ್ತದೆ. ಆ ಕೆಪಾಸಿಟರುಗಳಿಗೆ ಅಡ್ಡಲಾಗಿ ಒಂದು ಬ್ಲೀಡರ್ ರೆಸಿಸ್ಟರನ್ನು ಮೊದಲ ದಿನವೇ ಬೆಸೆಯಿರಿ. ತಗಡನ್ನು ತಿರುವಿಹಾಕಿ ಬೆರಳಿಡುವ ಮುನ್ನ ಪ್ರತಿ ಸಲವೂ ಮೀಟರಿನಿಂದ ಅಳೆಯಿರಿ. ಅಳೆಯುವಾಗ ಒಂದು ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡಿರಿ.